ಹಗರಿಯ ಉಸುಕಿಗೆ ಹಾಕಿದ ಗೆರೆ

ಸರ್ವೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ಬಳ್ಳಾರಿ ಕೌಲ್ ಬಜಾರಿನ ನಮ್ಮ ಮನೆಗೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, "ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ?" ಎಂದು ಕೇಳುತ್ತಾರೆ. ನನಗೆ ಖುಷಿಯಾಗುತ್ತದೆ. ಹೇಳಲು ಗಂಟಲು ಸರಿಮಾಡಿಕೊಳ್ಳುತ್ತೇನೆ. ಅಷ್ಟರಲ್ಲಿ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ: "ನಾಗಭೂಷಣಪ್ಪೋರ ಜೋಡಿ ನೀವು ಕೆಲಸಾ ಮಾಡೀರಂತಲ್ರಿ. ಅವರು ಹೆಂಗಿದ್ರು?" ಅಲ್ಲಿಗೆ ನನ್ನ ಬಾಯಿಯ ಚಹಾ ಕಹಿಯಾಗುತ್ತದೆ.

ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ನಾಗಭೂಷಣನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನಿವೃತ್ತನಾದ ಮೇಲೆ ಮನುಷ್ಯ ತಣ್ಣಗಾಗುತ್ತಾನೆ ಎನ್ನುತ್ತಾರಲ್ಲ, ಶುದ್ಧ ಸುಳ್ಳು. ಈಗಲೂ ಉರಿಯುತ್ತದೆ. ಹೊಟ್ಟೆಕಿಚ್ಚು ಪಾಪ ಎಂದು ಪುರಾಣ ಹೇಳುವ ಶಾಸ್ತ್ರಿಗಳು ಯಾರೂ ಹಗರಿಯ ದಂಡೆಯಲ್ಲಿ ಬಿಸಿಲಿಗೆ ಅಳತೆಯ ಸರಪಳಿ ಎಳೆದವರಲ್ಲ, ಎಳೆದ ಮೇಲೆ ಶಭಾಷ್‌ಗಿರಿ ಪಕ್ಕದವನ ಪಾಲಾದದ್ದನ್ನು ನೋಡಿದವರೂ ಅಲ್ಲ.

ಮೊದಲು ಕೆಲಸ ಏನೆಂದು ತಿಳಿದುಕೊಳ್ಳಿ. ಸರ್ವೇಯರ್ ಎಂದರೆ ನೆಲ ಅಳೆಯುವವನು ಎಂದು ನೀವು ಅಂದುಕೊಂಡಿದ್ದೀರಿ. ಅಳೆಯುವುದು ಸುಲಭ. ಮದ್ರಾಸ್ ಸರ್ಕಾರದ ಕಾಲದಲ್ಲಿ ನಮಗಿದ್ದ ನಿಜವಾದ ಕೆಲಸ ಬೇರೆ. ಯಾವ ನೆಲವನ್ನು ಜನರಿಗೆ ಪಟ್ಟಾ ಮಾಡಿ ಕೊಡಬಹುದು, ಯಾವುದನ್ನು ಯಾರಿಗೂ ಕೊಡಬಾರದು ಎಂದು ಸ್ಥಳ ನೋಡಿ ಹೇಳಬೇಕಿತ್ತು. ಹೊಳೆಯ ದಂಡೆ, ಹಳ್ಳದ ಪಾತ್ರ, ಕೆರೆ ಏರಿಯ ಬುಡ, ಗುಡ್ಡದ ಇಳಿಜಾರು, ಇವನ್ನೆಲ್ಲ ಪೊರಂಬೋಕು ಎಂದು ಬರೆದು ಯಾರ ಕೈಗೂ ಹೋಗದಂತೆ ಬಿಡಿಸಿ ಇಡುತ್ತಿದ್ದೆವು. ಅಲ್ಲಿ ಮನೆ ಕಟ್ಟಿದವನನ್ನು ನೀರು ಒಯ್ಯುತ್ತದೆ, ಅಲ್ಲಿ ಗಿಡ ಕಡಿದವನ ಊರಿಗೆ ಕೇಡು ಬರುತ್ತದೆ. ಇದು ನಮಗೆ ಗೊತ್ತಿತ್ತು. ಆದರೆ ಭೂಮಿ ಇಲ್ಲದವನ ಮುಂದೆ ನಿಂತು "ಈ ನೆಲ ನಿನಗೆ ಕೊಡುವುದಿಲ್ಲ, ಹಾಗೇ ಖಾಲಿ ಬಿಡುತ್ತೇವೆ" ಎಂದು ಹೇಳಿ ನೋಡಿ, ನಿಮ್ಮ ಏಳು ತಲೆಮಾರಿನ ಉದ್ಧಾರ ಅಲ್ಲೇ ಆಗುತ್ತದೆ.

ಸಿರುಗುಪ್ಪದ ಕೆಳಗೇರಿಯಲ್ಲಿ ನನಗೆ ಇದೇ ಆಯಿತು. ಒಂದು ಮಳೆಗಾಲ ಕಳೆದ ಮೇಲೆ ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿದ್ದ ಹುಲ್ಲುಕಡ್ಡಿ ನೋಡಿಕೊಂಡು, ಹೊಳೆ ಎಲ್ಲಿಯವರೆಗೆ ಬಂದಿತ್ತೆಂದು ಗೆರೆ ಎಳೆದೆ. ಅದರ ಕೆಳಗೆ ಮನೆಗೆ ಜಾಗ ಕೊಡಬಾರದೆಂದು ಬರೆದೆ. ಒಳ್ಳೆಯ ಗೆರೆ ಅದು. ಆಮೇಲೆ ಬಂದ ಪ್ರವಾಹಕ್ಕೆ ಒಂದು ಮನೆಯೂ ಹೋಗಲಿಲ್ಲ, ಏಕೆಂದರೆ ಅಲ್ಲಿ ಮನೆಯೇ ಇರಲಿಲ್ಲ. ಯಾರಾದರೂ ನನ್ನ ಹೆಸರೆತ್ತಿದರೇ? ಎಲ್ಲಿಯ ಮಾತು! ಆಗದೇ ಹೋದ ಅನಾಹುತಕ್ಕೆ ಯಾರು ಹಾರ ಹಾಕುತ್ತಾರೆ?

ನಾಗಭೂಷಣನಿಗೆ ಮಾತ್ರ ಹಾಕುತ್ತಿದ್ದರು. ಅವನೂ ನಾನೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಅವನು ಆದವಾನಿ ಕಡೆಯವನು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಜಟಕಾ ಸಾಬರ ಜೊತೆ ಉರ್ದು. ಮೂರರಲ್ಲೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು. ಒಂದೇ ಊರಿಗೆ ಇಬ್ಬರೂ ಹೋದರೆ ಅವನಿಗೆ ಮಂಚ ಹಾಕಿ ಹಾಲು ಕೊಡುತ್ತಿದ್ದರು, ನನಗೆ ಕಟ್ಟೆ ತೋರಿಸಿ ನೀರು ಕೊಡುತ್ತಿದ್ದರು. ಅವನು ಕೆಲಸ ಆಗುವುದಿಲ್ಲ ಎಂದರೂ ಜನ ನಗುತ್ತಾ ಹೋಗುತ್ತಿದ್ದರು. ನಾನು ಮಾಡಿಕೊಡುತ್ತೇನೆ ಎಂದರೂ, "ಏನು ಗಂಟುಮಾರಿ ಮನಷ್ಯಾನಪಾ ಇಂವ" ಎಂದು ಗೊಣಗುತ್ತಾ ಹೋಗುತ್ತಿದ್ದರು.

ಸಂಗನಕಲ್ಲಿನ ಗುಡ್ಡದ ಸಂಗತಿ ಹೇಳುತ್ತೇನೆ. ರಸ್ತೆಗೆ ಜಲ್ಲಿ ಒಡೆಯುವ ಗುತ್ತಿಗೆದಾರನೊಬ್ಬ ಗುಡ್ಡ ಕೇಳಿದ್ದ. ಪೂರ್ತಿ ಕೊಡಬಾರದು, ಎಷ್ಟು ಬಿಡಬೇಕೆಂದು ಗುರುತು ಮಾಡಿ ಬನ್ನಿ ಎಂದು ನಮ್ಮ ಮೇಲಿನ ಅಧಿಕಾರಿ ಪಿಳ್ಳೈ ಸಾಹೇಬರು ನಮ್ಮಿಬ್ಬರನ್ನೂ ಕಳಿಸಿದರು. ಪಿಳ್ಳೈಯವರು ಮಧುರೆಯವರು, ಮಾತು ಕಡಿಮೆ, ಕೆಲಸದಲ್ಲಿ ಬಲು ಗಟ್ಟಿ. ನಾನು ಗುಂಡುಬಂಡೆಗಳ ನಡುವೆ ಹತ್ತಿ ಇಳಿದು, ಚಪ್ಪಲಿ ಹರಿದುಕೊಂಡು ಇಡೀ ಇಳಿಜಾರು ಅಳೆದೆ. ನಾಗಭೂಷಣ ಬೇವಿನ ನೆರಳಿನಲ್ಲಿ ಕುರಿಗಾಹಿಯೊಬ್ಬನ ಜೊತೆ ಹರಟೆ ಹೊಡೆದು, ಸಂಜೆ ಒಂದು ಕಲ್ಲುಕೊಡಲಿ ಹಿಡಿದುಕೊಂಡು ಬಂದ. ಕಬ್ಬಿಣ ಕಾಣದ ಕಾಲದ ಜನ ತಿಕ್ಕಿ ತಿಕ್ಕಿ ಮಾಡಿದ ನುಣ್ಣನೆಯ ಕೊಡಲಿ. ಅದನ್ನು ನೋಡಲು ಎಲ್ಲಿಂದಲೋ ವಿದ್ವಾಂಸರು ಬಂದರು. ಅವನ ಕೈ ಕುಲುಕಿದರು. ಗುಡ್ಡದ ಯಾವ ಭಾಗ ಉಳಿಯಬೇಕೆಂದು ನಿಜವಾಗಿ ತೋರಿಸಿದ್ದು ನನ್ನ ನಕ್ಷೆ. ಅದು ಗಾಳಿಗೆ ಹಾರದಿರಲೆಂದು ಅದರ ಮೇಲೆ ಅವನ ಕಲ್ಲುಕೊಡಲಿ ಇಟ್ಟಿದ್ದರು.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ನೀಲಮ್ಮ ಒಲೆಯ ಮುಂದೆಯೇ ನಕ್ಕಳು.

"ಇವತ್ತೇನು ಸಿಕ್ತಂತ್ರಿ ನಾಗಭೂಷಣಪ್ಪಗ?"

"ಕಲ್ಲು."

"ಒಂದು ಕಲ್ಲಿಗೂ ಹೊಟ್ಟಿ ಉರಕೋತೀರಲ್ರಿ! ರೊಟ್ಟಿ ಬಿಸಿ ಅದಾವು, ತಿನ್ರಿ. ಅವರು ಎಷ್ಟು ನಕ್ಕೋತ ಮಾತಾಡ್ತಾರ, ನೋಡಿ ಕಲೀರಿ."

ಮನೆಯಲ್ಲೂ ಅವನೇ.

ಇನ್ನು ಗಡ್ಡಿಹಾಳಿಗೆ ಬರುತ್ತೇನೆ. ನೀವು ಕಲಿಯಬೇಕಾದ್ದೆಲ್ಲ ಅಲ್ಲಿದೆ. ರಾರಾವಿಯಿಂದ ಮೇಲಕ್ಕೆ, ಹಗರಿಯ ಮೂಡಣ ದಂಡೆಯ ಮೇಲಿನ ಸಣ್ಣ ಊರು ಅದು. ಹಗರಿ ಎಂದರೆ ವರ್ಷದ ಹೆಚ್ಚು ಕಾಲ ಬರೀ ಉಸುಕು. ಆಷಾಢದಲ್ಲಿ ಪಡುವಣ ಗಾಳಿ ಬೀಸತೊಡಗಿದರೆ ಆ ಉಸುಕು ಎದ್ದು ಊರಿನ ಕಡೆಗೆ ನಡೆಯುತ್ತಿತ್ತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ದಿಬ್ಬಕ್ಕೆ ದಿಬ್ಬವೇ ಸರಿಯುತ್ತಿತ್ತು. ಪಡುವಣ ಓಣಿಯ ಮನೆಗಳು ಬಾಗಿಲ ಪಟ್ಟಿಯವರೆಗೆ ಹೂತುಹೋಗಿದ್ದವು. ನಮ್ಮ ಕಡೆಯವು ಮಣ್ಣಿನ ಮಾಳಿಗೆಯ ಮನೆಗಳು ತಾನೆ. ಈರಮ್ಮ ಎಂಬ ವಿಧವೆ ಮಾಳಿಗೆಯ ಬೆಳಕಿಂಡಿಯಿಂದ ಏಣಿ ಇಳಿಸಿ ತನ್ನ ಮನೆಯೊಳಗೆ ಹೋಗಿ ಬರುತ್ತಿದ್ದಳು. ರೊಟ್ಟಿ ಕಡಿದರೆ ಹಲ್ಲಿಗೆ ಕರಕರ ಉಸುಕು.

ಊರಿಗೂ ಹೊಳೆಗೂ ನಡುವೆ ಉದ್ದಕ್ಕೂ ಒಂದು ಪಟ್ಟಿ ಪೊರಂಬೋಕು ನೆಲವಿತ್ತು. ಹಿಂದೆ ಅಲ್ಲಿ ಜಾಲಿ, ಲಕ್ಕಿ, ತಂಗಡಿ, ಎಕ್ಕೆ ದಟ್ಟವಾಗಿ ಬೆಳೆದು ಉಸುಕನ್ನು ತಡೆಯುತ್ತಿದ್ದವು. ಊರವರು ಸೌದೆಗೆಂದು ಕಡಿದು, ಕುರಿ ಬಿಟ್ಟು, ಬೋಳು ಮಾಡಿದ್ದರು. ಅದರ ಮೇಲೆ ಎರಡನೆಯ ಮಹಾಯುದ್ಧ ಬಂತು. ಹೆಚ್ಚು ಬೆಳೆ ಬೆಳೆಯಿರಿ, ಖಾಲಿ ಪೊರಂಬೋಕು ಇದ್ದರೆ ಸಾಗುವಳಿಗೆ ಕೊಡಿ ಎಂದು ಸರ್ಕಾರದ ಆಜ್ಞೆಯಾಯಿತು. ಗಡ್ಡಿಹಾಳಿನವರು ಆ ಪಟ್ಟಿ ಕೇಳಿದರು. ಆ ಪಟ್ಟಿಯನ್ನು ಉತ್ತರೆ ಊರೇ ಉಸುಕಿನ ಪಾಲು. ಅದನ್ನು ಬಿಟ್ಟು, ಗಿಡ ಬೆಳೆಸಿದರೆ ಊರು ಉಳಿಯುತ್ತದೆ. ವಿಷಯ ಇಷ್ಟೇ.

ಮೊದಲು ನನ್ನನ್ನು ಕಳಿಸಿದರು. ನಾನು ಸರಪಳಿ ಹಿಡಿದು ಅಳೆದು, ಕಲ್ಲು ನೆಟ್ಟು, ಚಾವಡಿಯ ಮುಂದೆ ಊರವರನ್ನು ನಿಲ್ಲಿಸಿ ಹೇಳಿದೆ: "ಕಲ್ಲಿನಾಚೆ ಕುರಿ ಬಿಟ್ಟರೆ ದಂಡ, ಕೊಡಲಿ ಹಾಕಿದರೆ ಜೈಲು." ಮಾತು ಸರಿಯಾಗಿಯೇ ಇತ್ತು. ಮಳೆಗಾಲ ಕಳೆದು ಹೋಗಿ ನೋಡಿದರೆ ಒಂದು ಕಲ್ಲೂ ಜಾಗದಲ್ಲಿಲ್ಲ. ಒಂದು ಕಲ್ಲಿನ ಮೇಲೆ ಈರಮ್ಮ ಬಟ್ಟೆ ಒಗೆಯುತ್ತಿದ್ದಳು.

"ಏನಮ್ಮಾ, ಸರ್ಕಾರದ ಕಲ್ಲು ಇದು!" ಎಂದೆ.

"ಹೌದೇನು? ಭಾಳ ಚಲೋ ಐತ್ರಿ ಸಾಮಿ. ಇನ್ನೊಂದು ಇದ್ರ ಕೊಡ್ರಿ, ನಮ್ಮ ನೆಗೆಣ್ಣಿಗೂ ಬೇಕಂತ," ಎಂದಳು.

ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಪಿಳ್ಳೈ ಸಾಹೇಬರಿಗೆ ದೂರು ಬರೆದೆ. ಅವರು ನನಗೆ ಪೊಲೀಸರನ್ನು ಕೊಡುತ್ತಾರೆಂದು ಕಾದರೆ, ನಾಗಭೂಷಣನನ್ನು ಕೊಟ್ಟರು. "ನೀನೂ ಜೊತೆಗೆ ಹೋಗು, ನೋಡು," ಎಂದು ಬೇರೆ ಹೇಳಿದರು.

ಹೋದೆ. ಅವನು ಸರಪಳಿಯನ್ನು ಗಾಡಿಯಿಂದ ಇಳಿಸಲೇ ಇಲ್ಲ. ಈರಮ್ಮನ ಮಾಳಿಗೆ ಹತ್ತಿ, ಬೆಳಕಿಂಡಿಯಿಂದ ಇಳಿದು, ಆ ಕತ್ತಲೆ ಮನೆಯಲ್ಲಿ ಕೂತು ಅವಳು ಕೊಟ್ಟ ರೊಟ್ಟಿ, ಪುಂಡಿಪಲ್ಯ ತಿಂದ. ಉಸುಕಿನ ರೊಟ್ಟಿ! ಕರಕರ ಅಗಿದು ನುಂಗಿ, "ಅವ್ವಾ, ಕೈ ರುಚಿ ಐತಿ," ಎಂದ. ನಾನು ಮಾಳಿಗೆಯ ಮೇಲೆ ನಿಂತು ಬೆಳಕಿಂಡಿಯಿಂದ ನೋಡುತ್ತಿದ್ದೆ.

ಆಮೇಲೆ ಊರ ಹಿರಿಯರನ್ನು ಕೂರಿಸಿಕೊಂಡು ಅವನು ಒಂದು ಹಳೆಯ ಪದ್ಧತಿ ನೆನಪಿಸಿದ. ನಮ್ಮ ಕಡೆ ಹೊಲದ ಗಡಿಗೆ ಜಗಳವಾದರೆ, ಆ ಹೊಲದ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಹಿರಿಯನೊಬ್ಬ ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಅವನು ನಡೆದದ್ದೇ ಗಡಿ. ಮಣ್ಣು ಹೊತ್ತು ಸುಳ್ಳು ನಡೆದರೆ ವಂಶ ಉಳಿಯುವುದಿಲ್ಲ ಎಂಬ ಭಯ. ಈಗ ಆ ಪದ್ಧತಿ ಅಪರೂಪ. ಆಗ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ನಾಗಭೂಷಣ ಅದನ್ನು ಹೇಗೆ ತಿರುಗಿಸಿದ ನೋಡಿ.

"ಹೊಲದ ಮಣ್ಣು ಬ್ಯಾಡ. ಯಾರ ಮನ್ಯಾಗ ಎಷ್ಟು ಉಸುಕು ಬಿದ್ದೈತೋ, ಅದನ್ನ ಬುಟ್ಟ್ಯಾಗ ತುಂಬಿಕೊಂಡು ಬರ್ರಿ. ಅದನ್ನ ಹೊತ್ತು ನಡೀರಿ. ಇದರಾಚೆ ನಮ್ಮ ಕೊಡಲಿ, ನಮ್ಮ ಕುರಿ ಹೋಗಂಗಿಲ್ಲ ಅಂತ ಎಲ್ಲಿ ಅನಸ್ತೈತೋ ಅಲ್ಲಿ ಸುರೀರಿ. ಗೆರಿ ನೀವು ಹಾಕ್ರಿ. ನಾ ಬರೀ ಬರಕೋತೀನಿ," ಎಂದ.

ಮನೆಗೊಬ್ಬ ಯಜಮಾನ ಬುಟ್ಟಿ ತಂದ. ಈರಮ್ಮನೂ ತಂದಳು. ಹೆಂಗಸು ಮಣ್ಣು ಹೊರುವ ಪದ್ಧತಿ ಇಲ್ಲ ಎಂದು ಯಾರೋ ಅಂದರು. ಅವಳು, "ನನ್ನ ಮನ್ಯಾಗಿನ ಉಸುಕು ನಿಮ್ಮಪ್ಪ ಹೊರತಾನೇನಲೇ?" ಎಂದು ಗದರಿದಳು. ನಾಗಭೂಷಣ, "ಅವ್ವಾ, ನೀನ ಮುಂದ ನಡಿ," ಎಂದ. ತಾನೂ ಒಂದು ಬುಟ್ಟಿ ತುಂಬಿ ತಲೆಯ ಮೇಲಿಟ್ಟುಕೊಂಡ, ಕೋಟಿನ ಮೇಲೆಲ್ಲ ಉಸುಕು ಸುರಿಯುತ್ತಿತ್ತು. ಊರಿಗೆ ಊರೇ ಸಾಲಾಗಿ ನಡೆದು ಉಸುಕು ಸುರಿದುಕೊಂಡು ಹೋಯಿತು. ಆಶ್ಚರ್ಯವೆಂದರೆ, ಅವರು ಸುರಿದ ಗೆರೆ ನನ್ನ ಕಲ್ಲಿನ ಗೆರೆಗಿಂತ ಊರಿನ ಕಡೆಗೇ ಒಳಕ್ಕೆ ಬಂದಿತ್ತು. ನಾನು ಬಿಡಿಸಿದ್ದಕ್ಕಿಂತ ಹೆಚ್ಚು ನೆಲವನ್ನು ಅವರೇ ಬಿಟ್ಟುಕೊಟ್ಟಿದ್ದರು.

ಆ ದಿನ ನನಗಾದ ಸಂಕಟವನ್ನು ಏನೆಂದು ಹೇಳಲಿ? ಊರು ಉಳಿಯುವ ದಾರಿಯಾಯಿತೆಂದು ಸಂತೋಷ ಪಡಬೇಕಾದವನು, ಆ ಉಪಾಯ ನನಗೇಕೆ ಹೊಳೆಯಲಿಲ್ಲ ಎಂದು ಹಲ್ಲು ಕಡಿಯುತ್ತಿದ್ದೆ. ಮಳೆ ಬಿದ್ದಾಗ ಊರವರೇ ಜಾಲಿ, ತಂಗಡಿಯ ಬೀಜ ಚೆಲ್ಲಿದರು. ಗಿಡ ಎದ್ದವು. ಕೆಲವು ವರ್ಷಗಳಲ್ಲಿ ಪಟ್ಟಿ ತುಂಬ ಹಸಿರಾಗಿ, ಮೊಲ, ಗೌಜಲಕ್ಕಿ, ನವಿಲು ಸೇರಿಕೊಂಡವು. ಈರಮ್ಮ ಉಸುಕು ತೋಡಿಸಿ ಮನೆಯ ಬಾಗಿಲು ತೆರೆದಳು. ಊರವರು ಆ ಪಟ್ಟಿಗೆ 'ನಾಗಭೂಷಣಪ್ಪನ ಬೇಲಿ' ಎಂದು ಹೆಸರಿಟ್ಟರು. ನಾನು ಮೊದಲು ಅಳೆದದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಒಗೆಯುವ ಕಲ್ಲು ಮಾತ್ರ ಇತ್ತು.

ಇಷ್ಟಾದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಕುರುಗೋಡಿನಲ್ಲಿ ನನಗೊಂದು ಅವಕಾಶ ಸಿಕ್ಕಿತು. ಅಲ್ಲಿಯ ಗುಡ್ಡ ನೋಡಿದ್ದೀರಲ್ಲ, ಗುಂಡಿನ ಮೇಲೆ ಗುಂಡು ಯಾರೋ ಪೇರಿಸಿ ಇಟ್ಟಂತಿದೆ. ಮೇಲೆ ಬಂಡೆಯ ನಡುವೆ ಬೇಸಿಗೆಯಲ್ಲೂ ನೀರು ಬತ್ತದ ದೊಣೆ. ಸಂಜೆ ಕರಡಿ ಬಂದು ಕುಡಿಯುತ್ತಿತ್ತು. ಕೆಳಗೆ ಕಲ್ಲು ಒಡೆಯುವವರು ಮದ್ದು ಇಡುತ್ತ ಇಡುತ್ತ ಆ ಪೇರಿಕೆಯ ಬುಡಕ್ಕೇ ಬಂದಿದ್ದರು. ಒಂದು ಗುಂಡು ಕದಲಿದರೆ ಬುಡದ ಮನೆಗಳು ಪುಡಿ. ಇಲ್ಲಿ ಗೆರೆ ಹಾಕಬೇಕು, ಅದೂ ನಾಗಭೂಷಣನಿಗಿಂತ ಚೆನ್ನಾಗಿ ಹಾಕಬೇಕು ಎಂದು ಹೊರಟೆ.

ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡ ಕಥೆ ಕೇಳಿದ್ದೀರಲ್ಲ? ನಾನೂ ಊರವರನ್ನು ಸೇರಿಸಿದೆ. "ಕ್ವಾರಿಯ ಕಲ್ಲುಪುಡಿ ಬುಟ್ಟಿಯಲ್ಲಿ ತುಂಬಿಕೊಳ್ಳಿ, ಹೊತ್ತು ನಡೆಯಿರಿ," ಎಂದೆ. ಗಡ್ಡಿಹಾಳಿನಲ್ಲಿ ಉಸುಕು ಎಲ್ಲರ ಮನೆಗೂ ಬಿದ್ದಿತ್ತು. ಇಲ್ಲಿ ಮೇಲಿನ ಓಣಿಯವರು ಕಲ್ಲು ಒಡೆದು ಹೊಟ್ಟೆ ಹೊರೆಯುವವರು, ಕೆಳಗಿನ ಓಣಿಯವರು ಕಲ್ಲಿಗೆ ಹೆದರಿ ಬದುಕುವವರು. ಇದನ್ನು ವಿಚಾರಿಸುವ ವ್ಯವಧಾನ ನನಗಿರಲಿಲ್ಲ, ನನ್ನ ಕಣ್ಣ ಮುಂದೆ ಇದ್ದದ್ದು ನಾಗಭೂಷಣನ ಬುಟ್ಟಿ ಮಾತ್ರ.

"ಮದ್ಲು ಅವರು ಹೊರಲಿ, ಗುಡ್ಡಾ ಒಡದೋರು ಅವರು!" ಎಂದರು ಕೆಳಗಿನವರು.

"ನಿಮ್ಮ ಮನಿಗೆ ಪಾಯಾ ಯಾವ ಕಲ್ಲಿಂದ ಹಾಕೀರಲೇ? ಹಾಲು ಕುಡಿಯೋ ಮಕ್ಕಳಂಗ ಮಾತಾಡ್ತೀರಿ!" ಎಂದರು ಮೇಲಿನವರು.

ಬುಟ್ಟಿಗಳು ತಲೆಯ ಮೇಲೆ ಏರುವ ಮೊದಲೇ ಗಾಳಿಯಲ್ಲಿ ಹಾರಿದವು. ಜಗಳ ಬಿಡಿಸಲು ನಡುವೆ ಹೋದ ನನ್ನ ಬೆನ್ನಿಗೆ ಜಲ್ಲಿಯ ಒಂದು ಪೂರಾ ಬುಟ್ಟಿ ಬಿತ್ತು. ಜಟಕಾದಲ್ಲಿ ಬೋರಲು ಮಲಗಿ ಬಳ್ಳಾರಿಗೆ ಬಂದೆ.

ಸುದ್ದಿ ತಿಳಿದು ನಾಗಭೂಷಣ ಮನೆಗೆ ಬಂದ. ನಗುತ್ತಾನೆಂದು ಕಾದೆ. ನಗಲಿಲ್ಲ. "ಏಮಯ್ಯಾ ಬಸಣ್ಣ, ಭಾಳ ನೋವೈತೇನು?" ಎಂದು ಕೇಳಿ, ತಾನೇ ತಂದಿದ್ದ ಎಣ್ಣೆಯನ್ನು ನೀಲಮ್ಮನ ಕೈಗೆ ಕೊಟ್ಟು, ಚಹಾ ಕುಡಿದು ಹೋದ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅವನು ಹೋದ ಮೇಲೆ ನೀಲಮ್ಮ, "ನೋಡ್ರಿ, ಎಂಥಾ ಮನಷಾ!" ಎಂದಳು. ಎಣ್ಣೆ ಹಚ್ಚಿದ ಕಡೆಯೂ ಉರಿಯಿತು.

ಬೆನ್ನು ವಾಸಿಯಾದ ಮೇಲೆ ಮತ್ತೆ ಕುರುಗೋಡಿಗೆ ಹೋಗಿ ನನ್ನ ದಾರಿಯಲ್ಲೇ ಕೆಲಸ ಮಾಡಿದೆ. ಬುಡದ ಮನೆಯವರನ್ನೆಲ್ಲ ಹೊರಗೆ ಕಳಿಸಿ, ಸಡಿಲವಾಗಿದ್ದ ಸಣ್ಣ ಗುಂಡುಗಳನ್ನು ಮೇಲಿನಿಂದ ಉರುಳಿಸಿ, ಅವು ಎಲ್ಲಿ ನಿಲ್ಲುತ್ತವೆ ಎಂದು ನೋಡಿ, ಅದರಿಂದ ಇನ್ನೂ ದೂರಕ್ಕೆ ಕಲ್ಲು ನೆಟ್ಟೆ. ಅದರೊಳಗೆ ಹೊಸ ಮನೆ ಇಲ್ಲ, ಅದರ ಮೇಲೆ ಮದ್ದು ಇಲ್ಲ. ಕಲ್ಲು ಒಡೆಯುವವರಿಗೆ ಇನ್ನೊಂದು ಮಗ್ಗುಲಲ್ಲಿ, ಯಾರ ತಲೆಯ ಮೇಲೂ ಬೀಳದ ಕಡೆ ಜಾಗ ಗುರುತಿಸಿದೆ. ಎರಡೂ ಓಣಿಯವರು ಒಟ್ಟಾಗಿ ಬೈದರು. ಬೈಯುವುದರಲ್ಲಾದರೂ ಅವರಿಗೆ ಒಗ್ಗಟ್ಟು ತಂದೆ. ದೊಣೆ ಉಳಿಯಿತು, ಕರಡಿಯೂ ಉಳಿಯಿತು. ಕುರುಗೋಡಿನಲ್ಲಿ ನನಗೆ ಈಗಲೂ 'ಜಲ್ಲಿ ತಿಂದ ಸರ್ವೇಯರ್' ಎಂದೇ ಹೆಸರು.

ನನ್ನ ನೌಕರಿಯ ಕೊನೆಯ ವರ್ಷಕ್ಕೆ ಬರುತ್ತೇನೆ. ತುಂಗಭದ್ರೆಯ ಕಾಲುವೆ ಬರುತ್ತದೆ ಎಂದಾಗಿ ಸಿರುಗುಪ್ಪದ ಸುತ್ತ ನೆಲಕ್ಕೆ ಚಿನ್ನದ ಬೆಲೆ ಬಂತು. ಕೆಲಸದ ರೀತಿಯೂ ಬದಲಾಯಿತು. ಬಳ್ಳಾರಿಯಲ್ಲಿ ಮೇಜಿನ ಮೇಲೆ ನಕ್ಷೆ ಹರಡಿ, ಹಗರಿಯನ್ನು ಕಾಣದವರು ಖಾಲಿ ಕಂಡಲ್ಲೆಲ್ಲ ಬಣ್ಣ ಹಚ್ಚಿ ಇದು ಸಾಗುವಳಿಗೆ ಎನ್ನತೊಡಗಿದರು. ಪಿಳ್ಳೈ ಸಾಹೇಬರು ನಿವೃತ್ತರಾಗಿ ಮಧುರೆಗೆ ಹೋಗಿದ್ದರು. ರಾಜ್ಯವೂ ಹರಿದು ಹಂಚಿಹೋಯಿತು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಸೇರಿದವು, ಆದವಾನಿ ಆಂಧ್ರಕ್ಕೆ ಹೋಯಿತು. ನಾಗಭೂಷಣ ತನ್ನ ಊರಿನ ಕಡೆ ಹೋಗಿಬಿಟ್ಟ. ಅವನಿಲ್ಲದ ಕಚೇರಿಯಲ್ಲಿ ನಾನು ಮೊದಲ ಬಾರಿ ಹಾಯಾಗಿ ಕೂತೆ.

ಕೂತ ಕೆಲವೇ ದಿನಗಳಲ್ಲಿ ಗಡ್ಡಿಹಾಳಿನ ಕಾಗದ ಬಂತು. ಊರವರೇ ಅರ್ಜಿ ಹಾಕಿದ್ದರು. ಬೇಲಿಯ ಪಟ್ಟಿಯನ್ನು ಹೊಲ ಮಾಡಿ ನಮಗೆ ಹಂಚಿ ಕೊಡಿ, ಕಾಲುವೆ ಬಂದರೆ ಭತ್ತ ಬೆಳೆಯುತ್ತೇವೆ ಎಂದು. ಸ್ಥಳ ನೋಡಿ ನಾನು ವರದಿ ಕೊಡಬೇಕು. ಕೊಡಬಹುದು ಎಂದು ಬರೆದರೆ ನಾಗಭೂಷಣನ ಗೆರೆ ಅಳಿಸಿಹೋಗುತ್ತದೆ. ಸುಳ್ಳೇಕೆ ಹೇಳಲಿ, ಕಾಗದ ಓದಿ ನನಗೆ ಒಳಗೊಳಗೇ ಕುಣಿಯುವಂತಾಯಿತು.

ಊರಿನಲ್ಲಿ ನನಗಾದ ಸತ್ಕಾರವನ್ನು ನೀವು ನೋಡಬೇಕಿತ್ತು. ರಾರಾವಿಗೇ ಗಾಡಿ ಬಂದಿತ್ತು. ಚಾವಡಿಯಲ್ಲಿ ಮಂಚ, ಮಂಚದ ಮೇಲೆ ಹೊಸ ಜಮಖಾನ. ಬಿಸಿ ಬಿಸಿ ವಗ್ಗಾಣಿ, ಮಿರ್ಚಿ, ಬೆಲ್ಲದ ಹಾಲು. ಕೊರಳಿಗೆ ಚೆಂಡುಹೂವಿನ ಹಾರ. ಹಾರ ಹಾಕಿದವನು ಈರಮ್ಮನ ಮಗ ಹುಲುಗಪ್ಪ, ಈಗ ಊರಿನ ಮುಂದಾಳು. ಅವನು ಎಲ್ಲರ ಮುಂದೆ ಕೈ ಜೋಡಿಸಿ ಹೇಳಿದ: "ಸಾಹೇಬ್ರ, ನಾಗಭೂಷಣಪ್ಪೋರು ನಮ್ಮ ಹಿರೇರಿಗೆ ಉಸುಕು ಹೊರಿಸಿ ಹೋದ್ರು. ನೀವು ನಮಗ ಹೊಲಾ ಕೊಡಾಕ ಬಂದೀರಿ. ಅವರಿಗಿಂತ ನೀವು ದೊಡ್ಡೋರು ಬಿಡ್ರಿ."

ಈ ಒಂದು ಮಾತಿಗಾಗಿ ನನ್ನ ನೌಕರಿಯುದ್ದಕ್ಕೂ ಕಾದಿದ್ದೆ. ಕಿವಿಗೆ ಜೇನು ಸುರಿದಂತಾಯಿತು. ಇನ್ನೊಮ್ಮೆ ಹೇಳಪ್ಪಾ ಎನ್ನಬೇಕೆನಿಸಿತು.

ಹಾರ ಹಾಕಿಕೊಂಡೇ ಪಟ್ಟಿ ನೋಡಲು ಹೋದೆ. ಜಾಲಿಯ ನಡುವೆ ದಾರಿ ಮಾಡಿಕೊಂಡು ಹೊಳೆಯ ಮಗ್ಗುಲಿಗೆ ಬಂದು ನಿಂತೆ. ಅಲ್ಲಿ ಉಸುಕು ಗಿಡಗಳಿಗೆ ಒರಗಿಕೊಂಡು ನನ್ನ ತಲೆಗಿಂತ ಮೇಲೆ ಏರಿ ನಿಂತಿತ್ತು. ಹಿಂದಕ್ಕೆ ತಿರುಗಿ ಊರಿನ ಮಗ್ಗುಲು ನೋಡಿದರೆ ಗುಡಿಸಿದಂಥ ಕಣ, ಎಳೆ ಜೋಳ. ಹುಲುಗಪ್ಪನ ವಯಸ್ಸಿನವರು ಹತ್ತೇ ವರ್ಷದಲ್ಲಿ ಆ ಉಸುಕು ಮರೆತಿದ್ದರು. ಅವರ ಮಕ್ಕಳು ಉಸುಕಿನ ರೊಟ್ಟಿ ತಿಂದೇ ಇರಲಿಲ್ಲ. ಗಿಡ ಕಡಿದು ಉತ್ತರೆ, ಗಾಳಿ ಬಲವಾದ ಒಂದೆರಡು ಆಷಾಢ ಸಾಕು.

ಆಗ ಏನಾಗುತ್ತದೆ ಎಂದು ಯೋಚಿಸಿದೆ. ಊರು ಹೂತುಹೋಗುತ್ತದೆ. ಜನ ಮತ್ತೆ ಬೆಳಕಿಂಡಿಯಿಂದ ಇಳಿಯುತ್ತಾರೆ. ಇಳಿಯುತ್ತ ಏನನ್ನುತ್ತಾರೆ? "ನಾಗಭೂಷಣಪ್ಪ ಇದ್ದಾಗ ಹಿಂಗಿರಲಿಲ್ಲ." ಅವರ ಮಕ್ಕಳೂ ಹಾಗೇ ಅನ್ನುತ್ತಾರೆ, ಮೊಮ್ಮಕ್ಕಳೂ ಅನ್ನುತ್ತಾರೆ. ಸೂರ್ಯಚಂದ್ರ ಇರುವವರೆಗೆ ಅವನು ದೇವರು, ನಾನು ಊರು ಹಾಳು ಮಾಡಿದವನು. ಊರಿನ ಮೇಲೆ ಕರುಣೆ ಬಂತು ಎಂದು ಬರೆದರೆ ನೀವು ಮೆಚ್ಚುತ್ತೀರಿ. ಕರುಣೆಯೂ ಇತ್ತು. ಆದರೆ ನಾನು ಹೆದರಿದ್ದು ಆ ಮಾತಿಗೆ.

ಚಾವಡಿಗೆ ಬಂದು ಹೇಳಿದೆ: "ಆಗಂಗಿಲ್ಲ. ಈ ಪಟ್ಟಿ ಯಾರಿಗೂ ಕೊಡಾಕ ಬರಂಗಿಲ್ಲ. ಹಂಗ ಬರೀತೀನಿ."

"ಯಾಕ್ರಿ? ಸರ್ಕಾರ ಕೊಡ್ತೀನಿ ಅಂತೈತಿ, ನಾವು ಬೇಕು ಅಂತೀವಿ. ನಡುವ ನಿಮ್ಮದೇನ್ರಿ?" ಎಂದ ಹುಲುಗಪ್ಪ.

"ನಡುವ ಉಸುಕು ಐತಿ, ಹೋಗಿ ನೋಡ್ರಿ."

"ದೇವರು ಕೊಟ್ರೂ ಪೂಜಾರಿ ಕೊಡಂಗಿಲ್ಲ ಅನ್ನೋದು ಇದಕ್ಕ ನೋಡ್ರಪಾ!" ಎಂದು ಮುದುಕನೊಬ್ಬ ಎದ್ದ. ಆಮೇಲೆ ಬೈಗುಳ ಬಂದವು, ಅವನ್ನು ಬರೆಯುವುದಿಲ್ಲ, ನೀಲಮ್ಮ ಇದನ್ನು ಓದುತ್ತಾಳೆ. ಹಾರವನ್ನು ನಾನೇ ತೆಗೆದು ಮಂಚದ ಮೇಲಿಟ್ಟೆ. ಕರೆತರಲು ಬಂದಿದ್ದ ಗಾಡಿ ಕಳಿಸಲು ಬರಲಿಲ್ಲ. ಚೀಲ ಹೆಗಲಿಗೆ ಹಾಕಿ ಬಿಸಿಲಿನಲ್ಲಿ ರಾರಾವಿಯ ದಾರಿ ಹಿಡಿದೆ. ವರದಿ ಹಾಗೇ ಬರೆದೆ, ಅದು ಮಂಜೂರಾಯಿತು, ಪಟ್ಟಿ ಉಳಿದಿದೆ. ಹೊಸಬರಿಗೆ ಒಂದು ಮಾತು ಹೇಳುತ್ತೇನೆ. ಊರನ್ನು ಒಪ್ಪಿಸಿ ಗೆರೆ ಹಾಕುವುದು ದೊಡ್ಡ ವಿದ್ಯೆ, ಅದನ್ನು ಕಲಿಯಿರಿ. ಆದರೆ ಒಪ್ಪಿದ ಊರೇ ಒಂದು ದಿನ ಒಲ್ಲೆ ಎನ್ನುತ್ತದೆ. ಆ ದಿನ ಬೈಸಿಕೊಳ್ಳಲು ಒಬ್ಬ ಬೇಕಾಗುತ್ತದೆ.

ಅಂದು ಚಾವಡಿ ಬಿಟ್ಟು ಊರ ಹೊರಗೆ ಬಂದಿದ್ದೆನಷ್ಟೇ, ಹಿಂದಿನಿಂದ ಯಾರೋ ಕೂಗಿದರು. ಈರಮ್ಮ. ವಯಸ್ಸಾಗಿ ಬೆನ್ನು ಬಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಚಾವಡಿಯ ಮೂಲೆಯಲ್ಲಿ ಕೂತು ಅವಳು ಎಲ್ಲ ಕೇಳಿದ್ದಳು.

"ನಿಂದ್ರಪಾ ಸಾಮಿ. ಒಂದು ಮಾತೈತಿ. ನಾಗಭೂಷಣಪ್ಪ ಆದವಾನಿಗೆ ಹೋಗೋ ಮುಂದ ಇಲ್ಲಿಗೆ ಬಂದಿದ್ದ. ಈ ನನ್ನ ಮಗ ಅಂವಗೂ ಹಾರಾ ಹಾಕಿ ಹಿಂಗ ಕೇಳಿದ್ದ."

ನನ್ನ ಕಿವಿ ನೆಟ್ಟಗಾಯಿತು. "ಏನಂದ?"

"ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಮ್ಯಾಲೆ ನಮ್ಮ ಕಟ್ಟಿಮ್ಯಾಲೆ ಕುಂತು ಮಜ್ಜಿಗಿ ಕುಡುದು ನನ್ನ ಮುಂದ ಹೇಳಿದ. 'ಅವ್ವಾ, ನನಗ ಮಂದಿ ಮುಖಾ ಮುರಿಯಾಕ ಬರಂಗಿಲ್ಲ. ನಾ ಹೋಗೋದ್ರಾಗ ಈ ಕಾಗದಾ ನನ್ನ ಕೈಯಾಗ ಬಂದ್ರ ಹೂಂ ಅಂದುಬಿಡ್ತೀನಿ. ಅದಕ್ಕ, ನನಗ ಬ್ಯಾಡ, ಬಸಣ್ಣಗ ಕಳಸ್ರಿ ಅಂತ ಮ್ಯಾಲಿನೋರಿಗೆ ಹೇಳೀನಿ. ಅಂವ ಬರತಾನ, ಬೈಸಿಗೋತಾನ, ಬ್ಯಾಡ ಅಂದು ಹೋಗ್ತಾನ. ಅಂವನಂಗ ಬ್ಯಾಡ ಅನ್ನಾಕ ನನಗ ಬಂದಿದ್ರ ಎಷ್ಟು ಚಲೋ ಇತ್ತು,' ಅಂದ. ಅಂವ ಅಂದಂಗ ಆತು ನೋಡಪಾ."

ಕಥೆ ಬರೆಯುವವರಾದರೆ ಇಲ್ಲಿ ನನ್ನ ಕಣ್ಣು ತುಂಬಿಸುತ್ತಿದ್ದರು. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮಂಚ, ಹಾಲು, ಹಾರ, ಹೊಗಳಿಕೆ ಎಲ್ಲವನ್ನೂ ಬಿಟ್ಟು ಬಂದಿದ್ದೆ, ಇದೊಂದಾದರೂ ನನ್ನ ಸ್ವಂತದ್ದು ಎಂದುಕೊಂಡು ನಡೆಯುತ್ತಿದ್ದೆ. ನಾನು ಬೇಡ ಎನ್ನುತ್ತೇನೆಂಬುದು ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು.